ಗೋಡೆಚಿತ್ರದ ಮುಖಗಳಿಗೆ ಕಪ್ಪು ಬಳಿದಿದ್ದಾರೆ: ಒರೆಸೋದಾ, ಹೊಸದಾಗಿ ಬರೆಯೋದಾ, ಬಿಡೋದಾ?

ಲೋಕೇಶ_ಎಸ್‌ಡಿ
ಸ್ವಲ್ಪ ಉದ್ದ ಆಗುತ್ತೆ, ಸಹಿಸ್ಕೊಳ್ಳಿ.

ನಾನಿರೋದು ಸ್ಯಾನ್ ಡಿಯಾಗೋದಲ್ಲಿ. ಇಲ್ಲಿ ಬ್ಯಾರಿಯೊ ಲೋಗನ್ ಅಂತ ಮೆಕ್ಸಿಕನ್ ಮೂಲದವರ ಹಳೇ ಬಡಾವಣೆ ಇದೆ. ಕೊರೊನಾಡೊ ಸೇತುವೆಯ ಕಂಬಗಳ ಮೇಲೆಲ್ಲ ಚಿತ್ರ ಬರೆದಿರೋ ಚಿಕಾನೊ ಪಾರ್ಕ್ ಇರೋದು ಇಲ್ಲೇ. ನಾನು ಹೇಳೋಕೆ ಹೊರಟಿದ್ದು ಪಾರ್ಕಿನ ಚಿತ್ರದ ವಿಷಯ ಅಲ್ಲ, ಅಲ್ಲಿಂದ ಕೆಲವು ಬೀದಿ ಆಚೆ ಒಂದು ಅಂಗಡಿಯ ಪಕ್ಕದ ಗೋಡೆಯದು. ಮೂವತ್ತು ಅಡಿ ಉದ್ದ ಇರಬಹುದು. ದ್ರಾಕ್ಷಿ ತೋಟದ ಕೂಲಿಯವರು, ಕೈಯಲ್ಲಿ ಜೋಳದ ತೆನೆ ಹಿಡಿದ ಅಜ್ಜಿ, ಮೂಲೇಲಿ ಗ್ವಾದಲೂಪೆ ಮಾತೆ, ಅಂದ್ರೆ ಮೆಕ್ಸಿಕನ್ನರು ಪೂಜಿಸೋ ಮೇರಿ ಮಾತೆ. ಎಂಬತ್ತರ ದಶಕದ್ದಂತೆ. ಮೂರು ವಾರದ ಹಿಂದೆ ರಾತ್ರೋರಾತ್ರಿ ಯಾರೋ ಬಂದು ಕಪ್ಪು ಸ್ಪ್ರೇ ಪೇಂಟ್ ಹೊಡೆದು ಹೋಗಿದ್ದಾರೆ. ಮುಖಗಳ ಮೇಲೆ ಮಾತ್ರ. ಬೇರೆ ಕಡೆ ಒಂದು ಹನಿ ಇಲ್ಲ.

ಮಗಳ ಡ್ರಾಯಿಂಗ್ ಟೀಚರ್ ಮಕ್ಕಳನ್ನ ಕಟ್ಕೊಂಡು ಸರಿಮಾಡೋಕೆ ಹೊರಟಿದ್ದಾರೆ. ಕಳೆದ ಶನಿವಾರ ಸಭೆ ಇತ್ತು. ಮಗಳನ್ನ ಬಿಟ್ಟು ಬರೋಕೆ ಹೋದವನು ಹಿಂದಿನ ಕುರ್ಚೀಲಿ ಕೂತೆ, ಎರಡೂವರೆ ಗಂಟೆ ಏಳೋಕೆ ಆಗ್ಲಿಲ್ಲ. ವಯಸ್ಸಾದವರು 'ಇದ್ದ ಹಾಗೇ ಬೇಕು' ಅಂತಾರೆ. ಹುಡುಗರು 'ಹಳೇದು ಮಸುಕಾಗಿತ್ತು, ಹೊಸದೇ ಬರೆಯೋಣ' ಅಂತಾರೆ. ಅಂಗಡಿಯವನು 'ದಿನಾ ಗಿರಾಕಿಗಳಿಗೆ ಉತ್ತರ ಹೇಳಿ ಸಾಕಾಗಿದೆ, ಬಿಳಿ ಬಳಿದುಬಿಡ್ತೀನಿ' ಅಂತಾನೆ. ಇದರ ಮಧ್ಯೆ ಯಾರೋ 'ನೀನು ಎಂಜಿನಿಯರ್ ಅಲ್ವಾ, ಕೆಮಿಕಲ್ ಗೊತ್ತಿರುತ್ತಲ್ಲ' ಅಂತ ನನ್ನ ಕಡೆ ತಿರುಗಿದ್ರು. ನಾನು ಜಾವಾ ಬರೆಯೋನು ಸ್ವಾಮಿ.

ಹಾಗಾಗಿ ಕೇಳ್ತಿದ್ದೀನಿ. ಕೆಳಗಿನ ಬಣ್ಣ ಕೆಡದ ಹಾಗೆ ಕಪ್ಪು ತೆಗೆಯೋಕೆ ಆಗುತ್ತಾ? ಆದರೂ ತೆಗೀಬೇಕಾ? ಮತ್ತೆ ಹೊರಗಿನವನಾದ ನಾನು ಅಲ್ಲಿ ಬಾಯಿ ಹಾಕೋದು ಸರೀನಾ?

ಮಂಡ್ಯದ_ಗಂಡು
ಗೋಡೆ ಅಂಗಡಿಯವನದು. ಸುಣ್ಣ ಹೊಡೀಲಿ. ಮುಗೀತು.

ಪುಟ್ಟಕ್ಕ
ಚಿಕಾನೊ ಅಂದ್ರೇನು? ನನ್ನ ಫೋನ್ ಹಠ ಮಾಡಿ ಚಿಕನ್ ಪಾರ್ಕ್ ಅಂತ ತಿದ್ದುತ್ತಿದೆ.

ಕರಾವಳಿ_ಕಾಕೆ
ಪುಟ್ಟಕ್ಕ, ಅಮೆರಿಕದಲ್ಲೇ ಹುಟ್ಟಿ ಬೆಳೆದ ಮೆಕ್ಸಿಕನ್ ಮೂಲದವರು. ಮೊದಲು ಅದು ಬೈಗುಳದ ಹಾಗೆ ಇದ್ದ ಶಬ್ದ. ಅರವತ್ತರ ದಶಕದಲ್ಲಿ ಹುಡುಗರು 'ಹೌದು, ನಾವು ಚಿಕಾನೊಗಳೇ, ಎಂತ ಈಗ?' ಅಂತ ಎದೆ ಮೇಲೆ ಹಾಕಿಕೊಂಡರು. ಸೀಜರ್ ಚಾವೆಜ್, ಡೊಲೊರೆಸ್ ಹುಯೆರ್ತಾ ಅವರ ದ್ರಾಕ್ಷಿ ತೋಟದ ಮುಷ್ಕರ ಎಲ್ಲ ಅದೇ ಕಾಲದ್ದು. ಲೋಕೇಶ್ ಹೇಳಿದ ಗೋಡೆಯಲ್ಲಿ ದ್ರಾಕ್ಷಿ ಕೂಲಿಯವರು ಸುಮ್ಮನೆ ಬಂದದ್ದಲ್ಲ ಮಾರಾಯ್ರೆ. ಗ್ಯಾಲರಿಯವರು ಒಳಗೆ ಬಿಡ್ತಾ ಇರಲಿಲ್ಲ, ಹಾಗಾಗಿ ಗೋಡೆಯನ್ನೇ ಗ್ಯಾಲರಿ ಮಾಡಿಕೊಂಡರು.

ವಕೀಲ್_ಸಾಬ್
@ಮಂಡ್ಯದ_ಗಂಡು, ಅಷ್ಟು ಸುಲಭಕ್ಕೆ ಮುಗಿಯಲ್ಲ. ಕ್ಯಾಲಿಫೋರ್ನಿಯಾದಲ್ಲಿ 1979ರಲ್ಲೇ ಕಲಾ ಸಂರಕ್ಷಣಾ ಕಾಯ್ದೆ ಬಂದಿದೆ. ಆಮೇಲೆ 1990ರಲ್ಲಿ ಕೇಂದ್ರದ್ದೂ ಬಂತು, ಕಲಾವಿದರ ಹಕ್ಕಿನ ಕಾಯ್ದೆ, ಚಿಕ್ಕದಾಗಿ ವಾರಾ (VARA) ಅಂತಾರೆ. ಗೋಡೆ ನಿನ್ನದೇ ಇರಬಹುದು, ಅದರ ಮೇಲಿನ ಕಲಾಕೃತಿಗೆ ಕಲಾವಿದನದೂ ಒಂದು ಹಕ್ಕಿದೆ. ಕನಿಷ್ಠ ಪಕ್ಷ ಅವನಿಗೆ ಮುಂಚೆಯೇ ತಿಳಿಸಬೇಕು. ವಾರಾ ಪ್ರಕಾರ 90 ದಿನದ ನೋಟಿಸ್.

ಇದಕ್ಕೆ ಚಿಕಾನೊ ಚಿತ್ರದ್ದೇ ಒಂದು ಹೆಸರಾಂತ ಕೇಸಿದೆ. ಪೂರ್ವ ಲಾಸ್ ಏಂಜಲೀಸಿನ 'ಈಸ್ಟ್ ಲಾಸ್ ಸ್ಟ್ರೀಟ್‌ಸ್ಕೇಪರ್ಸ್' ತಂಡ ಒಂದು ಪೆಟ್ರೋಲ್ ಬಂಕಿನ ಗೋಡೆಯಲ್ಲಿ ಬರೆದಿದ್ದ ಚಿತ್ರವನ್ನ 1988ರಲ್ಲಿ ಹೇಳದೆ ಕೇಳದೆ ಗೋಡೆ ಸಮೇತ ಕೆಡವಿದರು. ಕಾಯ್ದೆಯಲ್ಲಿ 'ಪೇಂಟಿಂಗ್' ಅಂತ ಇದೆ, ಗೋಡೆಚಿತ್ರ ಅಂತ ಇಲ್ಲವಲ್ಲ ಅಂತ ಎದುರಿನವರ ವಾದ. 1991ರಲ್ಲಿ ಮೇಲ್ಮನವಿ ನ್ಯಾಯಾಲಯ, ಗೋಡೆಚಿತ್ರವೂ ಪೇಂಟಿಂಗೇ ಅಂತ ಹೇಳಿತು. ಅಂಗಡಿಯವನಿಗೆ ಇದನ್ನ ಮೆತ್ತಗೆ ಹೇಳಿ. ಹೆದರಿಸಬೇಡಿ, ಹೆದರಿದವನು ರಾತ್ರೋರಾತ್ರಿ ಬಳಿದುಬಿಡ್ತಾನೆ.

ಮಂಡ್ಯದ_ಗಂಡು
ಅಂದ್ರೆ ನಮ್ಮನೆ ಗೋಡೆ ಮೇಲೆ ಯಾರಾದ್ರೂ ಬಂದು ನವಿಲು ಬರೆದ್ರೆ ನಾನು ಸಾಯೋವರ್ಗೂ ನವಿಲು ನೋಡ್ತಾ ಕೂತಿರ್ಬೇಕಾ?

ವಕೀಲ್_ಸಾಬ್
ಕೇಳದೆ ಬರೆದಿದ್ರೆ ಬೇಡ. ನೀನೇ ಬರೆಸಿ, ಕಾಫಿ ಕೊಟ್ಟು, ಫೋಟೋ ತೆಗೆಸ್ಕೊಂಡಿದ್ರೆ ನೋಡಬೇಕು.

ಕುಂಚಮ್ಮ
ಮೈಸೂರಲ್ಲಿ ಕಲೆ ಓದಿದವಳು ನಾನು. ಈಗ ಲಾಸ್ ಏಂಜಲೀಸಿನಲ್ಲಿ ಸಂರಕ್ಷಣಾ ಕೆಲಸದಲ್ಲಿ ಬೇರೆಯವರಿಗೆ ಸಹಾಯಕ್ಕೆ ಹೋಗ್ತೀನಿ. ದೊಡ್ಡ ತಜ್ಞೆ ಏನಲ್ಲ, ಹತ್ತಿ ಉಂಡೆ ಮಾಡಿ ಮಾಡಿ ಬೆರಳು ಸವೆದಿರೋಳು.

ಲೋಕೇಶ್, ಮೊದಲ ಕೆಲಸ: ಯಾರೂ ಏನೂ ಮಾಡದ ಹಾಗೆ ನೋಡ್ಕೊಳ್ಳಿ. ಇಂಥ ಚಿತ್ರಗಳಿಗೆ ಆಗೋ ಎರಡನೇ ಹಾನಿ, ಅಕ್ಕರೆಯಿಂದ ಥಿನ್ನರ್ ಡಬ್ಬ ಹಿಡ್ಕೊಂಡು ಬರೋರಿಂದ. ಪ್ರೆಶರ್ ವಾಷರ್ ತಂದ್ರಂತೂ ಕಥೆ ಮುಗೀತು, ಕಪ್ಪಿನ ಜೊತೆ ಅಜ್ಜಿಯ ಮೂಗೂ ಹೋಗುತ್ತೆ. ಎರಡನೆಯದು: ಫೋಟೋ. ಈಗಿನ ಸ್ಥಿತಿಯದ್ದು ಇಂಚಿಂಚೂ ತೆಗೀರಿ, ಬಿಸಿಲು ಪಕ್ಕದಿಂದ ಬೀಳೋ ಹೊತ್ತಲ್ಲಿ ಇನ್ನೊಮ್ಮೆ. ಆಮೇಲೆ ಹಳೇ ಫೋಟೋ ಹುಡುಕಿ. ಆ ಗೋಡೆ ಮುಂದೆ ನಿಂತು ಹುಟ್ಟುಹಬ್ಬ, ಮದುವೆ, ಹೊಸ ಕಾರು ಅಂತ ಫೋಟೋ ತೆಗೆಸ್ಕೊಂಡೋರು ಬೀದಿ ತುಂಬ ಇರ್ತಾರೆ. ಮೂರನೆಯದು: ಬರೆದವರು ಬದುಕಿದ್ದಾರಾ?

ಒರೆಸೋದಾ ಬರೆಯೋದಾ ಅನ್ನೋ ಜಗಳ ಹಳೇದು. ಲಾಸ್ ಏಂಜಲೀಸಿನ ಓಲ್ವೆರಾ ಬೀದಿಯಲ್ಲಿ 1932ರಲ್ಲಿ ಮೆಕ್ಸಿಕೊದ ಗೋಡೆಚಿತ್ರಕಾರ ಸಿಕೈರೋಸ್ 'ಅಮೇರಿಕಾ ಟ್ರೋಪಿಕಾಲ್' ಬರೆದ. ಶಿಲುಬೆಗೆ ಕಟ್ಟಿದ ಮೂಲನಿವಾಸಿ, ಮೇಲೆ ಅಮೆರಿಕದ ಹದ್ದು. ಬರೆಸಿದವರಿಗೆ ಬೇಕಾಗಿದ್ದು ಗಿಣಿ, ಬಾಳೆಗಿಡ. ಬೀದಿಗೆ ಕಾಣೋ ಭಾಗಕ್ಕೆ ಕೆಲವೇ ತಿಂಗಳಲ್ಲಿ ಸುಣ್ಣ ಬಿತ್ತು, ಆಮೇಲೆ ಪೂರ್ತಿಗೇ. ಅರವತ್ತರ ದಶಕದ ಕೊನೆಗೆ ಸುಣ್ಣ ಉದುರಿ ಚಿತ್ರ ತಾನೇ ಇಣುಕೋಕೆ ಶುರುವಾಯ್ತು. ಆಗ ಎದ್ದು ನಿಂತಿದ್ದ ಚಿಕಾನೊ ಹುಡುಗರಿಗೆ ಅದು ಎಂಥ ಶಕುನ ಆಗಿರಬೇಕು ಯೋಚಿಸಿ. ಕಲಾ ಸಂರಕ್ಷಣೆ ಮಾಡೋ ಗೆಟ್ಟಿ ಸಂಸ್ಥೆ ಸೇರಿ ಕೆಲಸ ಮಾಡಿ, 80 ವರ್ಷದ ಮೇಲೆ 2012ರಲ್ಲಿ ಜನಕ್ಕೆ ತೆರೆದರು. ಆದರೆ ಹೋದ ಬಣ್ಣವನ್ನ ಮತ್ತೆ ಬಳಿಯಲಿಲ್ಲ. ಮಸುಕಾಗಿ, ದೆವ್ವದ ಹಾಗೆ ಕಾಣುತ್ತೆ. ಅದೇ ಸರಿ ಅಂತ ಅವರ ನಿಲುವು, ನನ್ನದೂ ಅಷ್ಟೆ.

ಗ್ರಾಫಿಟಿ_ಗಿರಿ
ಸಿಕೈರೋಸ್ ಸತ್ತಿದ್ದ, ಅದು ಮ್ಯೂಸಿಯಂ ವಸ್ತು ಆಗಿತ್ತು. ಬೀದಿಯ ಚಿತ್ರಕ್ಕೂ ಅದೇ ಕಾನೂನು ಹಾಕಿದ್ರೆ ಹೇಗೆ? ದಿನಾ ಅದರ ಮುಂದೆ ಬಸ್ಸಿಗೆ ಕಾಯೋರಿಗೆ ದೆವ್ವ ಬೇಕಾ, ಅಜ್ಜಿ ಬೇಕಾ?

ಕುಂಚಮ್ಮ
ಒಪ್ಪಿದೆ, ಅರ್ಧ.

ಹೂಸ್ಟನ್_ಹನುಮಂತ
ನಮ್ಮೂರಿನ ಉದಾಹರಣೆ ಕೇಳಿ. ಕೆನಾಲ್ ಸ್ಟ್ರೀಟಿನಲ್ಲಿ ಲಿಯೊ ಟಂಗುಮಾ 1973ರಲ್ಲಿ ಬರೆದ 'ದಿ ರೀಬರ್ತ್ ಆಫ್ ಅವರ್ ನ್ಯಾಷನಾಲಿಟಿ' ಅಂತ 240 ಅಡಿ ಉದ್ದದ ಚಿತ್ರ. ನಾನು ಹೂಸ್ಟನ್ನಿಗೆ ಬಂದ ಹೊಸದರಲ್ಲಿ ಅಲ್ಲಿ ಏನಿತ್ತು ಅಂತಾನೇ ತಿಳೀತಿರಲಿಲ್ಲ, ಬಿಸಿಲು ಎಲ್ಲ ನುಂಗಿತ್ತು. 2018ರಲ್ಲಿ ಇದೇ ಊರಿನ ಗ್ರಾಫಿಟಿ ಕಲಾವಿದ ಗೊಂಜೊ247, ಟಂಗುಮಾ ಅವರ ಒಪ್ಪಿಗೆ ತಗೊಂಡು ಪೂರ್ತಿ ಮತ್ತೆ ಬರೆದರು. ಸ್ಪ್ರೇ ಕ್ಯಾನ್ ಹಿಡಿಯೋನೇ ಬಂದು ಉಳಿಸಿದ ನೋಡಿ. ಈಗ ನೋಡಿದ್ರೆ ಕಣ್ಣು ಕುಕ್ಕುತ್ತೆ. ಕುಂಚಮ್ಮನವರ ಲೆಕ್ಕದಲ್ಲಿ ಇದು ತಪ್ಪಾ?

ಕುಂಚಮ್ಮ
ಬರೆದವರೇ ಒಪ್ಪಿದ ಮೇಲೆ ನಾನ್ಯಾರು ತಪ್ಪು ಅನ್ನೋಕೆ? ನನ್ನ ತಕರಾರು ಇರೋದು ಅವರನ್ನ ಕೇಳದೆ ಮಾಡೋರ ಮೇಲೆ.

ಧಾರವಾಡ_ಫೇಡೆ
ಎಲ್ಲಾರೂ ತತ್ವಶಾಸ್ತ್ರ ಮಾತಾಡಾಕತ್ತೀರಿ, ಲೋಕೇಶಪ್ಪ ಕೇಳಿದ ಮೊದಲನೇ ಪ್ರಶ್ನೆಗೆ ಯಾರೂ ಉತ್ತರ ಕೊಡಲಿಲ್ಲ. ನಾ ಬಣ್ಣದ ಫ್ಯಾಕ್ಟರಿಯೊಳಗ ಹನ್ನೊಂದ ವರ್ಷ ಕೆಲಸ ಮಾಡೇನಿ, ಕೇಳ್ರಿ.

ಗೋಡೆ ಮ್ಯಾಲಿನ ಚಿತ್ರ ಹೆಚ್ಚಾಗಿ ಅಕ್ರಿಲಿಕ್ ಇರತೈತಿ. ಅಂದ್ರ ನೀರಿನ್ಯಾಗ ಕಲಸಿದ ಪ್ಲಾಸ್ಟಿಕ್ ಅಂತ ತಿಳ್ಕೋರಿ. ಒಣಗಿದ ಮ್ಯಾಲ ನೀರಿಗೆ ಜಗ್ಗೂದಿಲ್ಲ, ಖರೇ. ಆದ್ರ ಅಸಿಟೋನ್, ಝೈಲೀನ್ ಹಾಕಿದ್ರ ಬೆಣ್ಣಿ ಆಗತೈತಿ. ಸ್ಪ್ರೇ ಪೇಂಟ್ ತೆಗಿಯಾಕ ಬೇಕಾಗೂದೂ ಅಂಥಾವ. ಅಲ್ಲೇ ಇರೂದು ತೊಡಕು: ಕಳ್ಳನ್ನ ಹಿಡಿಯಾಕ ಹೋದ ಪೊಲೀಸ ಮನಿ ಯಜಮಾನಗ ಲಾಠಿ ಬಿಟ್ಟಂಗ.

ಹಿಂದ ಯಾರರ ಮ್ಯಾಲ ವಾರ್ನಿಷ್ ಹೊಡದಿದ್ರ ನಿಮ್ಮ ನಸೀಬ ಛಲೋ ಐತಿ. ಈ ಕೋಟಿಂಗ್‌ನ್ಯಾಗ ಮೂರ ಜಾತಿ. ಒಂದು ಮೇಣ. ಬಿಸಿನೀರ ಬಿಟ್ರ ಮೇಣಾನೂ ಹೋಗತೈತಿ, ಅದರ ಕೂಡ ಗೀಚಿದ್ದೂ ಹೋಗತೈತಿ, ಮತ್ತ ಹೊಸಾ ಮೇಣ ಹಚ್ಚಬೇಕು. ಎರಡನೇದು ಟರ್ಪಂಟೈನ್ ಥರದ ಮಿನರಲ್ ಸ್ಪಿರಿಟ್‌ಗೆ ಕರಗೂ ವಾರ್ನಿಷ್. ಮಿನರಲ್ ಸ್ಪಿರಿಟ್ ಅಕ್ರಿಲಿಕ್‌ಗೆ ಏನೂ ಅಷ್ಟ ತ್ರಾಸ ಕೊಡೂದಿಲ್ಲ. ವಾರ್ನಿಷ್ ಕರಗಿ ಮ್ಯಾಲಿನ ಕಪ್ಪು ತಾನ ಎದ್ದ ಬರತೈತಿ. ಮೂರನೇದು ಪಾಲಿಯುರಿಥೇನ್. ಅದು ಹಠಮಾರಿ ಅಳಿಯ ಇದ್ದಂಗ, ಒಮ್ಮೆ ಬಂದ್ರ ಹೋಗೂದಿಲ್ಲ. ವರ್ಷ ಕಳದಂಗ ಹಳದಿ ಆಗತೈತಿ, ಗೋಡಿ ಒಳಗಿನ ತೇವಕ್ಕ ದಾರಿ ಬಿಡೂದಿಲ್ಲ, ಗುಳ್ಳಿ ಏಳತಾವು. ನಾ ಅಂತೂ ಯಾರಿಗೂ ಹೇಳೂದಿಲ್ಲ.

ಮೂಲ್ಯಾಗ ಒಂದ ಸಣ್ಣ ಚೌಕ ಹಿಡದು ಪರೀಕ್ಷಾ ಮಾಡ್ರಿ. ಮುಖದ ಮ್ಯಾಲ ಮಾತ್ರ ಶುರು ಮಾಡಬ್ಯಾಡ್ರಿ. ಕೈಗವಸ, ಮಾಸ್ಕ್ ಬೇಕ ಬೇಕು, ಸಣ್ಣ ಹುಡುಗರನ್ನ ದೂರ ಇಡ್ರಿ.

ಲೋಕೇಶ_ಎಸ್‌ಡಿ
ಧಾರವಾಡದವರೇ, ಇದನ್ನ ಇಂಗ್ಲಿಷಿಗೆ ತಿರುಗಿಸಿ ಗ್ರೂಪಿಗೆ ಹಾಕ್ದೆ. ಹಠಮಾರಿ ಅಳಿಯ ಮಾತ್ರ ತಿರುಗಿಸೋಕೆ ಬರಲಿಲ್ಲ.

ಪುಟ್ಟಕ್ಕ
😂😂

ಗ್ರಾಫಿಟಿ_ಗಿರಿ
ಯಾರೂ ಎತ್ತದ ಮಾತೊಂದು ಎತ್ತುತ್ತೀನಿ, ಬೈಸ್ಕೊಳ್ಳೋಕೆ ರೆಡಿ. ಎಲ್ಲ ಗೀಚೋದನ್ನೂ ಒಂದೇ ತಕ್ಕಡೀಲಿ ತೂಗಬೇಡಿ.

ವಿಲ್ಲಿ ಹೆರೊನ್ ಅಂತ ಪೂರ್ವ ಲಾಸ್ ಏಂಜಲೀಸಿನವರು. 1972ರಲ್ಲಿ ಸಿಟಿ ಟೆರೇಸಿನ ಓಣಿಯಲ್ಲಿ ಅವರ ತಮ್ಮನಿಗೆ ಗ್ಯಾಂಗಿನವರು ಚೂರಿ ಹಾಕಿದ್ರು. ಹೆರೊನ್ ಅದೇ ಓಣಿಯ ಗೋಡೆಗೆ 'ದಿ ವಾಲ್ ದಟ್ ಕ್ರ್ಯಾಕ್ಡ್ ಓಪನ್' ಬರೆದ್ರು. ಅಲ್ಲಿ ಮೊದಲೇ ಇದ್ದ ಗ್ಯಾಂಗಿನ ಗೀಚುಬರಹಗಳನ್ನ ಅಳಿಸಲಿಲ್ಲ, ಚಿತ್ರದೊಳಗೇ ಸೇರಿಸ್ಕೊಂಡ್ರು. ಅದೂ ಈ ಬೀದಿಯ ದನಿ, ಇದೂ ಈ ಬೀದಿಯ ದನಿ ಅಂತ. ನಿಮ್ಮ ಗೋಡೆಗೆ ಕಪ್ಪು ಹೊಡೆದೋನು ಪಕ್ಕದ ಮನೆ ಹುಡುಗನೇ ಆಗಿದ್ರೆ? ಅವನನ್ನ ಹುಡುಕಿ ಕುಂಚ ಕೊಡ್ಬೇಕೇ ಹೊರತು ಸಿಸಿಟಿವಿ ಹಾಕಬಾರದು.

ಕರಾವಳಿ_ಕಾಕೆ
ಗಿರಿಯವರೇ, ಹೆಸರು ಗೀಚುವುದು ಬೇರೆ, ಆರಿಸಿ ಆರಿಸಿ ಮುಖಕ್ಕೆ ಮಸಿ ಬಳಿಯುವುದು ಬೇರೆ ಅಲ್ವೋ? ಮೊದಲನೆಯದರಲ್ಲಿ 'ನಾನೂ ಇಲ್ಲಿದ್ದೇನೆ' ಅಂತ ಉಂಟು. ಎರಡನೆಯದರಲ್ಲಿ 'ನೀವು ಇಲ್ಲಿ ಇರಬೇಡಿ' ಅಂತ.

ನಮ್ಮ ಸ್ಯಾನ್ ಫ್ರಾನ್ಸಿಸ್ಕೊದ ಮಿಷನ್ ಬಡಾವಣೆಯಲ್ಲಿ ಗಲೆರಿಯಾ ದೆ ಲಾ ರಾಸಾ ಅಂತ 1970ರಿಂದ ಇರುವ ಕಲಾಕೇಂದ್ರ. 2015ರ ಜೂನಿನಲ್ಲಿ ಅದರ ಗೋಡೆಗೆ 'ಪೋರ್ ವಿದಾ' ಅಂತ ಮುದ್ರಿಸಿದ ಚಿತ್ರ ಹಾಕಿದ್ರು. ಮನುಯೆಲ್ ಪಾಲ್ ಎಂಬವರದ್ದು. ಚಿಕಾನೊ ಲೋರೈಡರ್ (ನೆಲಕ್ಕೆ ತಗ್ಗಿಸಿ ಸಿಂಗರಿಸಿದ ಕಾರುಗಳವರ) ಶೈಲಿಯಲ್ಲೇ ಸಲಿಂಗಪ್ರೇಮಿ ಜೋಡಿಗಳು, ಒಬ್ಬ ಟ್ರಾನ್ಸ್ ವ್ಯಕ್ತಿ. ಸ್ಪ್ರೇ ಹೊಡೆದ್ರು. ಮತ್ತೆ ಹಾಕಿದ್ರು. ಮತ್ತೆ ಹೊಡೆದ್ರು. ಕೊನೆಗೆ ಬೆಂಕಿಯೇ ಕೊಟ್ರು, ಮೇಲಿನ ಮಹಡಿಯಲ್ಲಿ ಜನ ಇದ್ದ ಕಟ್ಟಡಕ್ಕೆ! ಬೆಂಕಿ ಹಚ್ಚುವವನ ಕೈಗೆ ಕುಂಚ ಕೊಡಿ ಅಂತ ನಾನು ಹೇಳುದಿಲ್ಲ.

ಗ್ರಾಫಿಟಿ_ಗಿರಿ
ಬೆಂಕಿ ವಿಷಯ ಒಪ್ಪಿದೆ. ಆದ್ರೆ ಇಲ್ಲಿ ಯಾರು ಹೊಡೆದ್ರು ಅಂತ ಯಾರಿಗೂ ಗೊತ್ತಿಲ್ಲ, ಆಗಲೇ ದ್ವೇಷ ಅಂತ ತೀರ್ಪು ಕೊಡ್ತಿದ್ದೀರಿ.

ಲೋಕೇಶ_ಎಸ್‌ಡಿ
ಗೊತ್ತಿಲ್ಲ ಅನ್ನೋದು ನಿಜ. ಆದರೆ ಇಲ್ಲಿನವರಿಗೆ ಭಯ ಯಾಕೆ ಅಂತಲೂ ಹೇಳ್ಬೇಕು. 2017ರ ಸೆಪ್ಟೆಂಬರಿನಲ್ಲಿ ಒಂದು ಬಲಪಂಥೀಯ ಗುಂಪು ಪಾರ್ಕಿಗೇ ಬಂದು ಈ ಚಿತ್ರಗಳ ವಿರುದ್ಧ ಪ್ರತಿಭಟನೆ ಮಾಡೋಕೆ ನೋಡಿತ್ತು. ಬಂದವರು ಕೈಬೆರಳೆಣಿಕೆ, ತಡೆಯೋಕೆ ನಿಂತವರು ನೂರಾರು.

ಪಾರ್ಕ್ ಹುಟ್ಟಿದ್ದೇ ಹಾಗೆ. ಮೊದಲು ಐ-5 ಹೆದ್ದಾರಿ ಬಂದು ಬಡಾವಣೆಯನ್ನ ಸೀಳ್ತು, 1969ರಲ್ಲಿ ಸೇತುವೆ ಬಂತು. ಮನೆ ಕಳ್ಕೊಂಡೋರಿಗೆ ಸೇತುವೆ ಕೆಳಗೆ ಪಾರ್ಕ್ ಕೊಡ್ತೀವಿ ಅಂದಿದ್ರು. 1970ರ ಏಪ್ರಿಲ್ 22ರಂದು ನೋಡಿದ್ರೆ ಬುಲ್ಡೋಜರ್ ನಿಂತಿದೆ, ಅಲ್ಲಿ ಹೆದ್ದಾರಿ ಪೊಲೀಸ್ ಠಾಣೆ ಬರುತ್ತಂತೆ. ಮಾರಿಯೊ ಸೊಲಿಸ್ ಅನ್ನೋ ವಿದ್ಯಾರ್ಥಿ ಮನೆ ಮನೆಗೆ ಸುದ್ದಿ ಮುಟ್ಟಿಸಿದ. ಅಜ್ಜಿಯರು, ಮಕ್ಕಳು ಬುಲ್ಡೋಜರ್ ಸುತ್ತ ಕೈಕೈ ಹಿಡಿದು ನಿಂತ್ರು. 12 ದಿನ ಜಾಗ ಬಿಡಲಿಲ್ಲ. ಕಂಬಗಳ ಮೇಲೆ ಬಣ್ಣ ಬಿದ್ದಿದ್ದು 1973ರಿಂದ. ಸಾಲ್ವಡೋರ್ ಟೊರೆಸ್ ಕಂಡ ಕನಸು ಅದು. ಈಗ ಅದು ರಾಷ್ಟ್ರೀಯ ಐತಿಹಾಸಿಕ ಹೆಗ್ಗುರುತು, 2016ರಲ್ಲಿ ಘೋಷಣೆ ಆಯ್ತು.

ನಮ್ಮ ಚರ್ಚೆಗೆ ಬೇಕಾದ್ದು ಇದು: 2011-12ರಲ್ಲಿ ಪಾರ್ಕಿನ ಹಳೇ ಚಿತ್ರಗಳನ್ನ ಸರಿಮಾಡೋಕೆ ಸರ್ಕಾರದಿಂದ 16 ಲಕ್ಷ ಡಾಲರ್ ಬಂತು. ಕೆಲಸ ಮಾಡಿದ್ದು ಯಾವುದೋ ಕಂಪನಿ ಅಲ್ಲ, ಎಪ್ಪತ್ತರ ದಶಕದಲ್ಲಿ ಬರೆದಿದ್ದ ಕಲಾವಿದರೇ. ತಲೆ ನರೆತವರು ಮತ್ತೆ ಅಟ್ಟಣಿಗೆ ಹತ್ತಿದ್ರು. ನಮ್ಮ ಗೋಡೆಗೆ 16 ಲಕ್ಷ ಇಲ್ಲ. ನಿನ್ನೆ ಎಣಿಸಿದಾಗ ಡಬ್ಬಿಯಲ್ಲಿದ್ದಿದ್ದು 412 ಡಾಲರ್.

ಬೆಂಗಳೂರು_ಬೇಸತ್ತವ
ಇಲ್ಲಿ ಬಿಬಿಎಂಪಿಯವರು 2009ರ ಸುಮಾರಿಗೆ ಗೋಡೆಗೆಲ್ಲ ಜೋಗ ಜಲಪಾತ, ಹಂಪಿ ರಥ, ಹುಲಿ ಬರೆಸಿದ್ರು. ಉದ್ದೇಶ ಕಲೆ ಅಲ್ಲ, ಸಿನಿಮಾ ಪೋಸ್ಟರ್ ಅಂಟಿಸಬಾರದು, ನಿಂತ್ಕೊಂಡು ಇನ್ನೊಂದು ಕೆಲಸ ಮಾಡಬಾರದು ಅಂತ. ನಮ್ಮ ರಸ್ತೆ ಹುಲಿಯ ಬಾಯಿಗೆ ಈಗ ಪಿಜಿ ಜಾಹೀರಾತು. ಯಾರೂ ಸಭೆ ಕರೆದಿಲ್ಲ.

ಧಾರವಾಡ_ಫೇಡೆ
ಯಾಕಂದ್ರ ಹುಲಿ ನಿಮ್ಮ ಅಜ್ಜಿ ಅಲ್ಲ.

ಬೆಂಗಳೂರು_ಬೇಸತ್ತವ
ಅದೂ ನಿಜ. ಆದರೆ ಆ ಹುಲಿ ಬರೆದವರು ಸಿನಿಮಾ ಬ್ಯಾನರ್ ಬರೆದು ಬದುಕ್ತಿದ್ದೋರು, ಫ್ಲೆಕ್ಸ್ ಬಂದು ಅನ್ನ ಕಳ್ಕೊಂಡೋರು. ಅವರ ಹೆಸರೂ ಗೋಡೆ ಮೇಲಿಲ್ಲ.

ಕುಂಚಮ್ಮ
ದಾರಿ ತಪ್ಪಿದ್ದಾಗಿದೆ, ನನ್ನದೂ ಒಂದು ಇರಲಿ. ಶ್ರೀರಂಗಪಟ್ಟಣದ ದರಿಯಾ ದೌಲತ್ ಗೋಡೆಯಲ್ಲಿ ಪೊಳ್ಳಿಲೂರು ಯುದ್ಧದ ಚಿತ್ರ ಇದೆಯಲ್ಲ, ಸ್ಕೂಲ್ ಟ್ರಿಪ್ಪಲ್ಲಿ ಎಲ್ರೂ ನೋಡಿರ್ತೀರಿ. ಅದು ಅಳಿಸಿಹೋಗಿ, ವೆಲ್ಲೆಸ್ಲಿ ಕಾಲದಲ್ಲಿ ಸರಿಯಾಗಿ, ಮತ್ತೆ ಸುಣ್ಣ ಬಿದ್ದು, ಕೊನೆಗೆ 1850ರ ದಶಕದಲ್ಲಿ ಡಾಲ್‌ಹೌಸಿ ಹೇಳಿದ ಮೇಲೆ, ಹಳೇ ಚಿತ್ರ ನೆನಪಿದ್ದ ಒಬ್ಬ ಸ್ಥಳೀಯ ಕಲಾವಿದ ಮತ್ತೆ ಬರೆದಿದ್ದು. ನೆನಪಿನಿಂದ! ನಾವು ಟಿಪ್ಪು ಕಾಲದ್ದು ಅಂತ ನೋಡೋದರಲ್ಲಿ ಆ ಹೆಸರಿಲ್ಲದವನ ಕೈ ಎಷ್ಟಿದೆಯೋ. ಒಂದೊಂದ್ಸಲ ಅನ್ಸುತ್ತೆ, ನಾನು ಮೇಲೆ ಹೇಳಿದ 'ಮತ್ತೆ ಬಳಿಯಬಾರದು' ಅನ್ನೋ ನಿಲುವನ್ನ ಅವತ್ತು ಯಾರಾದ್ರೂ ಹಿಡಿದಿದ್ರೆ ನಮಗೆ ಆ ಯುದ್ಧವೇ ಕಾಣ್ತಿರಲಿಲ್ಲ.

ಗ್ರಾಫಿಟಿ_ಗಿರಿ
ಇದನ್ನ ಸ್ಕ್ರೀನ್‌ಶಾಟ್ ತೆಗೆದಿಟ್ಕೊಂಡೆ. ಕುಂಚಮ್ಮ ಅರ್ಧದಿಂದ ಮುಕ್ಕಾಲಿಗೆ ಬಂದ್ರು.

ಷಿಕಾಗೊ_ಶಾಮ
ಇಲ್ಲಿನ ಮೆಕ್ಸಿಕನ್ ಬಡಾವಣೆ ಪಿಲ್ಸೆನ್‌ನಲ್ಲಿ ಸಮುದಾಯ ಕೇಂದ್ರವಾಗಿದ್ದ ಕಾಸಾ ಅಸ್ತ್ಲಾನ್ ಕಟ್ಟಡದ ಚಿತ್ರಗಳಿಗೆ 2017ರಲ್ಲಿ ಹೊಸ ಮಾಲೀಕರು ಬೂದು ಬಳಿಸಿದ್ರು. ಅಪಾರ್ಟ್‌ಮೆಂಟ್ ಮಾಡ್ತಿದ್ರು, ಚಿತ್ರ ಯಾಕೆ ಅಂತ. ಬಡಾವಣೆ ಹೊತ್ತಿ ಉರೀತು. ಕ್ಷಮೆ ಕೇಳಿದ್ರು, ಮೊದಲು ಬರೆದಿದ್ದ ರೇ ಪಟ್ಲಾನ್ ಅವರನ್ನೇ ಕರೆಸಿ ಹೊಸದು ಬರೆಸಿದ್ರು. ಚಿತ್ರ ಬಂತು. ಬಾಡಿಗೆ ಕಟ್ಟಲಾಗದೆ ಬಿಟ್ಟುಹೋದವರು ಬರಲಿಲ್ಲ. ಹುಡುಗ ಸ್ಪ್ರೇ ಹೊಡೆದ್ರೆ ವಿಧ್ವಂಸ, ಮಾಲೀಕ ರೋಲರ್ ಹೊಡೆದ್ರೆ ನವೀಕರಣ.

ವಕೀಲ್_ಸಾಬ್
ಸರ್ಕಾರ ಹೊಡೆದ್ರೆ ನಿರ್ವಹಣೆ! 1984ರ ಒಲಿಂಪಿಕ್ಸಿಗೆ ಅಂತ ಲಾಸ್ ಏಂಜಲೀಸ್ ಹೆದ್ದಾರಿಗಳಲ್ಲಿ ಹತ್ತು ಚಿತ್ರ ಬರೆಸಿದ್ದರು. ಫ್ರಾಂಕ್ ರೊಮೆರೊ ಅವರ 'ಗೋಯಿಂಗ್ ಟು ದಿ ಒಲಿಂಪಿಕ್ಸ್' ಮೇಲೆ ಗೀಚುಬರಹ ಹೆಚ್ಚಾಯ್ತು ಅಂತ 2007ರಲ್ಲಿ ಹೆದ್ದಾರಿ ಇಲಾಖೆ ಅದರ ಮೇಲೇ ಬಣ್ಣ ಬಳಿದುಬಿಡ್ತು. ಜೂಡಿ ಬಾಕಾ ಅವರ 'ಹಿಟಿಂಗ್ ದಿ ವಾಲ್', ಮಹಿಳಾ ಮ್ಯಾರಥಾನ್ ಕುರಿತದ್ದು, 2019ರಲ್ಲಿ ಅದಕ್ಕೂ ಬಿಳಿ ಬಿತ್ತು. ಗೀಚಿದ್ದನ್ನ ಮುಚ್ಚೋಕೆ ಹೋಗಿ ಚಿತ್ರವನ್ನೇ ಮುಚ್ಚೋದು.

ಕುಂಚಮ್ಮ
ಲೋಕೇಶ್‌ಗೆ ಧೈರ್ಯ ಬರೋ ಮಾತು ಇದರಲ್ಲೇ ಇದೆ. ಮೇಲೆ ಬಳಿದ ಬೂದು ಬಣ್ಣ ಎಷ್ಟೋ ಸಲ ಚಿತ್ರವನ್ನ ಬಿಸಿಲಿನಿಂದ ಕಾಪಾಡಿರುತ್ತೆ. ರೊಮೆರೊ ಚಿತ್ರವನ್ನ ಬಳಿದ ಪದರದ ಅಡಿಯಿಂದ ಬಿಡಿಸಿ ತೆಗೆದರು. ಆ ಕೆಲಸ ಮುನ್ನಡೆಸಿದ್ದು ಯಾರು ಗೊತ್ತಾ? ಗಿರಿ ಮೇಲೆ ಹೇಳಿದ್ರಲ್ಲ, ಅದೇ ವಿಲ್ಲಿ ಹೆರೊನ್.

ಗ್ರಾಫಿಟಿ_ಗಿರಿ
ಗೀಚುಬರಹ ಉಳಿಸ್ಕೊಂಡವನೇ ಗೀಚುಬರಹ ತೆಗೆದ. ನನ್ನ ವಾದ ನಾನೇ ಸೋತ ಹಾಗಾಯ್ತಲ್ಲ.

ಮಂಡ್ಯದ_ಗಂಡು
ಯಾರು ಗೆದ್ರು ಅಂತ ಕೊನೇಲಿ ಹೇಳ್ರಪ್ಪ, ಇಷ್ಟೆಲ್ಲ ಓದೋಕಾಗಲ್ಲ.

ಲೋಕೇಶ_ಎಸ್‌ಡಿ
ಹತ್ತು ದಿನ ಆದ ಮೇಲೆ ಬರ್ತಿದ್ದೀನಿ. ಸುದ್ದಿ ಇದೆ.

ಬರೆದವರು ಸಿಕ್ಕಿದ್ರು. ಅರಿಜೋನಾದಲ್ಲಿ ಮಗನ ಮನೇಲಿದ್ದಾರೆ, ಎಂಬತ್ತರ ಮೇಲೆ ವಯಸ್ಸು. ಟೀಚರ್ ಸ್ಪೀಕರಿಗೆ ಹಾಕಿ ಫೋನ್ ಮಾಡಿದ್ರು. 'ಮುಖ ಹೋಯ್ತು' ಅಂತ ಇವರು ಅಳುಮುಖ ಮಾಡ್ಕೊಂಡು ಹೇಳಿದ್ರೆ, ಅವರು ಮೊದಲು ಕೇಳಿದ್ದು 'ಅಂಗಡಿ ಇನ್ನೂ ಇದೆಯಾ?' ಅಂತ. ಆಮೇಲೆ ಹೇಳಿದ್ರು: ಆ ಮುಖಗಳು ಅವರು ಕಲ್ಪಿಸಿದ್ದಲ್ಲವಂತೆ. ಅದೇ ಬೀದಿಯವರನ್ನ ಕೂರಿಸಿ ಬರೆದಿದ್ದು. ಜೋಳದ ಅಜ್ಜಿ ಎದುರು ಮನೆಯವರ ತಾಯಿ. ಕೂಲಿಯವರಲ್ಲಿ ಎಡಗಡೆಯವನು ಅಂಗಡಿಯವನ ಮಾವ!

ಅಂಗಡಿಯವನಿಗೇ ಗೊತ್ತಿರಲಿಲ್ಲ. ಅಂಗಡಿ ಅವನ ಕೈಗೆ ಬಂದಿದ್ದು ಹದಿನೈದು ವರ್ಷದ ಹಿಂದೆ. ಹೆಂಡತಿಯನ್ನ ಕೇಳಿದ್ರೆ 'ಹೂಂ, ಅಪ್ಪನೇ ಅದು, ನಿನಗೆ ಹೇಳಿರಲಿಲ್ವಾ?' ಅಂದಳಂತೆ. ಬಿಳಿ ಬಣ್ಣದ ಡಬ್ಬ ವಾಪಸ್ ಕೊಟ್ಟು ಬಂದಿದ್ದಾನೆ.

'ನಿಮ್ಮ ಚಿತ್ರ, ನೀವು ಹೇಳಿದ ಹಾಗೆ' ಅಂತ ಟೀಚರ್ ಅಂದಾಗ ಆ ಹಿರಿಯರು, ಒರೆಸಿ ನೋಡಿ, ಬಂದಷ್ಟು ಬರಲಿ, ಬರದೆ ಇರೋ ಮುಖವನ್ನ ನಾನು ಬಂದು ಬರೀತೀನಿ, ಕೈ ನಡುಗುತ್ತೆ, ಬಣ್ಣ ಕಲಸೋಕೆ ಇಬ್ಬರು ಹುಡುಗರು ಬೇಕು ಅಂದ್ರು. ನನ್ನ ಮಗಳು ಕೈಯೆತ್ತಿದ್ದಾಳೆ. ಮನೇಲಿ ಹಾಲಿನ ಲೋಟ ತೊಳೀದೋಳು.

ಪುಟ್ಟಕ್ಕ
ಅಯ್ಯೋ ಮಾವನ ಮುಖಕ್ಕೇ ಬಿಳಿ ಬಳಿಯೋಕೆ ಹೊರಟಿದ್ನಲ್ಲ!

ಮಂಡ್ಯದ_ಗಂಡು
ಸರಿ, ನನ್ನ ಮೊದಲ ಕಾಮೆಂಟ್ ವಾಪಸ್. ನವಿಲಿನದ್ದು ಹಾಗೇ ಇರ್ಲಿ.

ಧಾರವಾಡ_ಫೇಡೆ
ಪರೀಕ್ಷಾ ಮಾಡಿದ್ರೋ ಇಲ್ಲೋ ಅದನ್ನ ಹೇಳ್ರಿ ಮೊದಲ.

ಲೋಕೇಶ_ಎಸ್‌ಡಿ
ಮಾಡಿದ್ವಿ. ಕುಂಚಮ್ಮ ಗೆಳತಿಯೊಬ್ಬರನ್ನ ಕಳಿಸಿದ್ರು, ಈ ಕೆಲಸ ಬಲ್ಲವರು. ಮೊದಲು ಕೂಲಿಯವನ ಅಂಗಿಯ ಅಂಚಿಗೆ ಸಿಡಿದಿದ್ದ ಒಂದು ಚುಕ್ಕೆ ಹಿಡಿದ್ರು. (ಒಂದು ಹನಿ ಇಲ್ಲ ಅಂದಿದ್ದೆನಲ್ಲ, ಕಣ್ಣಿಟ್ಟು ನೋಡಿದ್ರೆ ಇತ್ತು.) ಜೆಲ್ ಹಚ್ಚಿ, ಕಾದು, ಹತ್ತಿಯಲ್ಲಿ ಒತ್ತಿದ್ರೆ ಹತ್ತಿಗೆ ಕಪ್ಪೂ ಬಂತು, ಅಂಗಿಯ ಕೆಂಪೂ ಬಂತು. ಅಲ್ಲಿಗೇ ನಿಲ್ಲಿಸಿದ್ರು. ವಾರ್ನಿಷ್ ಇಲ್ಲ. ನಮ್ಮೆಲ್ಲರ ಮುಖ ಇಳಿದುಹೋಯ್ತು.

ಆಮೇಲೆ ಮೂಲೆಯ ಗ್ವಾದಲೂಪೆ ಮಾತೆ. ಪಾದದ ಹತ್ತಿರ ಕಪ್ಪು ಸಿಡಿದಿದ್ದ ಕಡೆ ಒಂದಿಂಚು. ಹತ್ತಿಗೆ ಬರೀ ಕಪ್ಪು. ಇನ್ನೊಂದಿಂಚು, ಬರೀ ಕಪ್ಪು. ನೋಡಿದ್ರೆ ಅವಳಿಗೊಬ್ಬಳಿಗೆ ಮಾತ್ರ ದಪ್ಪ ವಾರ್ನಿಷ್ ಇದೆ, ಹಳದಿ ತಿರುಗಿದ ಪಾಲಿಯುರಿಥೇನ್. ಧಾರವಾಡದವರು ಬೈದಿದ್ದ ಅದೇ ಅಳಿಯ. ವಿಚಾರಿಸಿದ್ರೆ ಎದುರು ಮನೆಯ ಅಜ್ಜಿ, ಅದೇ ಚಿತ್ರದಲ್ಲಿರೋ ಅಜ್ಜಿ, ಬದುಕಿದ್ದಾಗ ಪ್ರತಿ ಡಿಸೆಂಬರ್ 12ರ ಹಬ್ಬಕ್ಕೆ ಮುಂಚೆ ಹಾರ್ಡ್‌ವೇರ್ ಅಂಗಡಿಯಿಂದ ಡಬ್ಬ ತಂದು ಮಾತೆಗೆ ಹಚ್ಚಿಸ್ತಿದ್ರಂತೆ. ಪಕ್ಕದಲ್ಲೇ ಇದ್ದ ತನ್ನ ಮುಖಕ್ಕೆ ಹಚ್ಚಿಸಿಕೊಂಡಿಲ್ಲ.

ಹಾಗಾಗಿ ಮಾತೆಯನ್ನ ಒರೆಸ್ತೀವಿ. ಅಜ್ಜಿ, ಮಾವ, ಉಳಿದ ಮೂವರನ್ನ ಹಿರಿಯರು ಬಂದು ಬರೀತಾರೆ. ಅಜ್ಜಿಯ ಮೂರು ಫೋಟೋ ಸಿಕ್ಕಿವೆ. ಒಂದರಲ್ಲಿ ಅವರು ಗೋಡೆಯ ತಮ್ಮದೇ ಚಿತ್ರದ ಮುಂದೆ ನಿಂತಿದ್ದಾರೆ, ಅದೇ ಭಂಗಿ, ಕೈಯಲ್ಲಿ ಜೋಳದ ಬದಲು ಕೋಕ್ ಬಾಟ್ಲಿ.

ಕುಂಚಮ್ಮ
ಆ ಫೋಟೋ ಸ್ಕ್ಯಾನ್ ಮಾಡಿಸಿ, ಫೋನಲ್ಲಿ ತೆಗೀಬೇಡಿ. ಹೊಸದಾಗಿ ಬರೆಯೋ ಮುಖಗಳ ಕೆಳಗೆ ಒಂದು ಪದರ ವಾರ್ನಿಷ್ ಹಾಕಿಸಿ. ಮುಂದೆ ಯಾರಿಗಾದ್ರೂ ಕೆಳಗಿನ ಹಳೇ ಮುಖ ಬೇಕು ಅನಿಸಿದ್ರೆ ತೆಗೆಯೋ ಹಾಗಿರಬೇಕು. ಕಪ್ಪಿನ ಅಡಿಯಲ್ಲಿ ಅವು ಇನ್ನೂ ಇವೆ.

ಗ್ರಾಫಿಟಿ_ಗಿರಿ
ಅಂದ್ರೆ ಕಪ್ಪೂ ಅಲ್ಲೇ ಉಳಿಯುತ್ತೆ, ಎರಡು ಮುಖದ ನಡುವೆ.

ಕುಂಚಮ್ಮ
ಹೌದು, ಉಳಿಯುತ್ತೆ.

ಕರಾವಳಿ_ಕಾಕೆ
ಲೋಕೇಶ್, ನಿಮ್ಮ ಮೂರನೇ ಪ್ರಶ್ನೆಗೆ ಯಾರೂ ಉತ್ತರ ಹೇಳ್ಲಿಲ್ಲ, ಹೊರಗಿನವನು ಬಾಯಿ ಹಾಕಬಹುದಾ ಅಂತ.

ಲೋಕೇಶ_ಎಸ್‌ಡಿ
ಬಾಯಿ ಹಾಕಿಲ್ಲ, ಏಣಿ ಹಿಡ್ಕೊಂಡಿದ್ದೀನಿ. ಪಾರ್ಕಿಂಗ್ ಟಿಕೆಟ್ ಬಿತ್ತು, 40 ಡಾಲರ್‌ಗಿಂತ ಹೆಚ್ಚು.

ಧಾರವಾಡ_ಫೇಡೆ
ಮಾತೆಯ ಮುಖಕ್ಕ ಬಂದಾಗ ಒಂದ ಹತ್ತಿ ಉಂಡಿ ಎರಡ ಸಲ ಒತ್ತಬ್ಯಾಡ್ರಿ. ಒತ್ತೂದು, ಎತ್ತೂದು, ಒಗಿಯೂದು. ಉಜ್ಜಬ್ಯಾಡ್ರಿ.